ಊರಲ್ಲಿ ಎಸ್‌ಸಿ, ಪುಣೆಯಲ್ಲಿ ಓಪನ್. ಡಿಗ್ರಿ ಫೀಸಿಗೆ ಏನಾದರೂ ದಾರಿ ಇದೆಯಾ?

ತಾಂಡಾದ ಹುಡುಗಿ, ಪುಣೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕಿನ ಒಂದು ತಾಂಡಾ. ಅಪ್ಪ ಅವ್ವ ಪುಣೆಗೆ ಬಂದು ಹತ್ತು ವರ್ಷದ ಮೇಲಾಯಿತು. ಅಪ್ಪ ಗೌಂಡಿ. ಅವ್ವ ಮೊದಲು ಅದೇ ಸೈಟುಗಳಲ್ಲಿ ಬುಟ್ಟಿ ಹೊರುತ್ತಿದ್ದಳು, ಈಗ ಸೊಸೈಟಿಯಲ್ಲಿ ಪಾತ್ರೆ ತಿಕ್ಕುವ ಕೆಲಸ. ನಾನು ಏಳನೇ ತನಕ ಊರಲ್ಲಿ ಅಜ್ಜಿ ಹತ್ತಿರ ಇದ್ದು ಕನ್ನಡ ಶಾಲೆಯಲ್ಲಿ ಓದಿದೆ, ಆಮೇಲೆ ಇಲ್ಲಿ ಮರಾಠಿ ಶಾಲೆ. ಮನೆಯಲ್ಲಿ ಲಂಬಾಣಿ, ಕಾಲೇಜಿನಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್, ಮೊಬೈಲಿನಲ್ಲಿ ಕನ್ನಡ. ನಮ್ಮ ಮನೆಯಲ್ಲಿ ಹತ್ತನೇ ಪಾಸಾದವರೇ ನಾನೊಬ್ಬಳು.

ಈ ಸಲ ಹನ್ನೆರಡನೇ ಸೈನ್ಸ್‌ನಲ್ಲಿ 74% ಬಂತು. ಬಿಎಸ್ಸಿ ಕಂಪ್ಯೂಟರ್ ಸೈನ್ಸ್‌ಗೆ ಸೀಟು ಸಿಕ್ಕಿದೆ. ಅನುದಾನ ಇಲ್ಲದ ಕೋರ್ಸ್, ವರ್ಷಕ್ಕೆ 46 ಸಾವಿರ. ಮೊದಲ ಕಂತು ಅಪ್ಪ ಮುಕಾದಮ್ (ಕೂಲಿಗೆ ಜನ ಕರೆತರುವ ಮೇಸ್ತ್ರಿ) ಹತ್ತಿರ ಮುಂಗಡ ಎತ್ತಿ ಕಟ್ಟಿದರು. ಎರಡನೇ ಕಂತು ಬರುವ ಮೊದಲೇ ಸಾರುವೆ ಮೇಲಿಂದ ಬಿದ್ದು ಕಾಲು ಮುರಿಯಿತು, ರಾಡ್ ಹಾಕಿದ್ದಾರೆ. ಈಗ ಮನೆ ನಡೆಯುವುದು ಅವ್ವನ ಸಂಬಳದಲ್ಲಿ, ಮುಂಗಡದ ಸಾಲ ಬೇರೆ ತಲೆ ಮೇಲೆ. ಸೊಲ್ಲಾಪುರದ ಕಡೆಯಿಂದ ಒಂದು ಸಂಬಂಧವೂ ಬಂದಿದೆ. ಅಪ್ಪ ಇನ್ನೂ ಹೂಂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ.

ಸ್ಕಾಲರ್‌ಶಿಪ್ ವಿಷಯಕ್ಕೆ ಬರುತ್ತೇನೆ. ಸೈಬರ್ ಅಂಗಡಿಯವರು ಮಹಾರಾಷ್ಟ್ರ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಮಹಾಡಿಬಿಟಿಯಲ್ಲಿ ಅರ್ಜಿ ತೆರೆದರು. ಅದು ಡೊಮಿಸಾಯಿಲ್, ಅಂದರೆ ಇಲ್ಲಿಯ ಖಾಯಂ ನಿವಾಸಿ ಅನ್ನುವ ಸರ್ಟಿಫಿಕೇಟ್ ಕೇಳುತ್ತದೆ, ಅದಕ್ಕೆ 15 ವರ್ಷ ಇಲ್ಲಿದ್ದ ಪುರಾವೆ ಬೇಕು. ಜಾತಿ ಸರ್ಟಿಫಿಕೇಟ್ ಕರ್ನಾಟಕದ್ದು, ಅದರಲ್ಲಿ ಎಸ್‌ಸಿ ಅಂತಿದೆ. ಇಲ್ಲಿ ನಮ್ಮ ಜನ ವಿಜೆಎನ್‌ಟಿಯಲ್ಲಿ (ವಿಮುಕ್ತ ಜಾತಿ, ಅಲೆಮಾರಿ ಬುಡಕಟ್ಟುಗಳ ಪಟ್ಟಿ) ಬರುತ್ತಾರೆ. ಕಾಲೇಜಿನ ಕ್ಲರ್ಕ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಹೇ ಇಥೆ ಚಾಲತ್ ನಾಹಿ' (ಇದು ಇಲ್ಲಿ ನಡೆಯಲ್ಲ) ಅಂತ ವಾಪಸ್ ಕೊಟ್ಟರು. ಅಡ್ಮಿಶನ್ ಓಪನ್‌ನಲ್ಲೇ, ಅಂದರೆ ಮೀಸಲಾತಿ ಇಲ್ಲದೆ ಆಯಿತು.

ಕೆಲವು ಟ್ರಸ್ಟ್‌ಗಳಿಗೆ ಪತ್ರ ಬರೆದೆ, ಉತ್ತರ ಇಲ್ಲ. ಬರೆದದ್ದು ಹೀಗೆ: "ನಾನು ಕಡು ಬಡ ಕುಟುಂಬದ ವಿದ್ಯಾರ್ಥಿನಿ. ನನಗೆ ಓದುವ ಆಸೆ ತುಂಬಾ ಇದೆ. ದಯವಿಟ್ಟು ಸಹಾಯ ಮಾಡಿ, ನಿಮ್ಮ ಉಪಕಾರ ಜೀವ ಇರುವ ತನಕ ಮರೆಯುವುದಿಲ್ಲ." ಇದರಲ್ಲಿ ಏನು ತಪ್ಪಿದೆ? ನನ್ನಂಥವರು ಎಲ್ಲಿ ಅರ್ಜಿ ಹಾಕಬೇಕು? ಗೊತ್ತಿದ್ದವರು ಹೇಳಿ.

ಮಾಟುಂಗಾ ಮಾಮ, ಮುಂಬೈ

ಮಗಳೇ, ಮೊದಲು ಒಂದು ಮಾತು, ಓದು ಬಿಡಬೇಡ. ಆದರೆ ಈ ಫೀಸಿನ ಹಿಂದೆ ಯಾಕೆ ಬಿದ್ದಿದ್ದೀ ಮಾರಾಯ್ತಿ? ಎಪ್ಪತ್ತರ ದಶಕದಲ್ಲಿ ನಾವು ಕುಂದಾಪುರ ಕಡೆಯಿಂದ ಬಂದವರೆಲ್ಲ ಹಗಲು ಹೋಟೆಲಿನಲ್ಲಿ ಗ್ಲಾಸ್ ತೊಳೆದು, ಸಂಜೆ ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಎಸ್‌ಎಸ್‌ಸಿ ಮುಗಿಸಿದವರು. ಬೆಂಚಿನ ಮೇಲೆ ನಿದ್ದೆ ಬಂದರೆ ಮಾಸ್ತರರು ಎಬ್ಬಿಸುತ್ತಿರಲಿಲ್ಲ, ಪಾಪ ಅವರಿಗೂ ಗೊತ್ತಿತ್ತು. ಆಮೇಲೆ ಸಿದ್ಧಾರ್ಥ ಕಾಲೇಜು. ಅಂಬೇಡ್ಕರ್ ಅವರು 1946ರಲ್ಲಿ ಅದನ್ನು ಶುರು ಮಾಡಿದಾಗ ಬೆಳಿಗ್ಗೆ ಕ್ಲಾಸ್ ಇಟ್ಟದ್ದೇ ದುಡಿಯುವ ಹುಡುಗರಿಗಾಗಿ. ಕ್ಲಾಸ್ ಮುಗಿಸಿ ಹತ್ತು ಗಂಟೆಗೆ ಆಫೀಸ್.

ಒಂದು ಕೆಲಸ ಹಿಡಿ, ನಾಸಿಕ್‌ನ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯದಲ್ಲೋ ಇಗ್ನೋದಲ್ಲೋ ಡಿಗ್ರಿ ಮಾಡು. ಮನೆಗೂ ಆಯಿತು, ಓದಿಗೂ ಆಯಿತು. ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಹಡಪ್ಸರ್ ಅಕ್ಕ, ಪುಣೆ

ಮಾಮ, ನಿಮ್ಮ ಕಾಲದವರ ಬಗ್ಗೆ ನನಗೆ ಗೌರವ ಇದೆ. ಆದರೆ ನಿಮಗೆ ಮಲಗೋಕೆ ಹೋಟೆಲಿನ ಅಟ್ಟ ಇತ್ತು, ಊಟ ಅಲ್ಲೇ ಆಗುತ್ತಿತ್ತು, ಕಾಲೇಜಿನ ಫೀಸು ಸಂಬಳದಲ್ಲಿ ಕಟ್ಟುವಷ್ಟೇ ಇತ್ತು. ಈ ಹುಡುಗಿ ಕಾಲೇಜು ಬಿಟ್ಟು ಕೆಲಸಕ್ಕೆ ಹೋದರೆ ಆರು ತಿಂಗಳಲ್ಲಿ ಮದುವೆ ಮಾಡುತ್ತಾರೆ. ನಾಕಾದ (ಕೂಲಿಗಾಗಿ ಜನ ಬೆಳಿಗ್ಗೆ ನಿಲ್ಲುವ ವೃತ್ತ) ಕುಟುಂಬಗಳ ಜೊತೆ ಕೆಲಸ ಮಾಡಿ ನೋಡಿದ್ದೇನೆ, ಸುಮ್ನೆ ಹೇಳುತ್ತಿಲ್ಲ. ರೆಗ್ಯುಲರ್ ಕಾಲೇಜಿನ ಐಡಿ ಕಾರ್ಡು ಕೊರಳಲ್ಲಿ ಇರುವ ತನಕ ಮನೆಯವರೂ 'ಇರಲಿ, ಓದುತ್ತಿದ್ದಾಳೆ' ಅನ್ನುತ್ತಾರೆ. ಮುಕ್ತ ವಿವಿ ಕೆಟ್ಟದ್ದಲ್ಲ, ಆದರೆ ಅದು ಕೊನೆಯ ದಾರಿ. ಮತ್ತೆ, ಸ್ಕಾಲರ್‌ಶಿಪ್ ಕೇಳೋದು ಕೈ ಚಾಚೋದು ಹೇಗಾಗುತ್ತೆ?

ತಂಗಿ, ಅಪ್ಪ ಗೌಂಡಿ ಅಂದೆ. ಮಹಾರಾಷ್ಟ್ರ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವರ ಹೆಸರು ಇದೆಯಾ? ಇದನ್ನು ಯಾರೂ ನಿನಗೆ ಹೇಳಿಲ್ಲ ನೋಡು! 1996ರ ಕೇಂದ್ರ ಕಾಯ್ದೆಯಿಂದ ಬಂದ ಮಂಡಳಿ ಇದು. ಬಿಲ್ಡರ್‌ಗಳು ಕಟ್ಟಡದ ಖರ್ಚಿನ ಮೇಲೆ ಕಟ್ಟುವ ಸೆಸ್ ಇಲ್ಲಿಗೆ ಬರುತ್ತದೆ. ಅಂದರೆ ನಿನ್ನಪ್ಪ ಕಟ್ಟಿದ ಬಿಲ್ಡಿಂಗುಗಳ ದುಡ್ಡೇ ಅದು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60. ನೋಂದಾಯಿತ ಕಾರ್ಮಿಕರ ಮೊದಲ ಇಬ್ಬರು ಮಕ್ಕಳಿಗೆ ಡಿಗ್ರಿ ಓದಿಗೆ ವರ್ಷಕ್ಕೆ 20 ಸಾವಿರ, ಎಂಜಿನಿಯರಿಂಗ್‌ಗೆ 60 ಸಾವಿರ, ಮೆಡಿಕಲ್‌ಗೆ 1 ಲಕ್ಷ. ಇಲ್ಲಿ ನೋಡುವುದು ಅಪ್ಪ ಎಲ್ಲಿ ದುಡಿದರು ಅಂತ. ಯಾವ ಊರಿನವರು, ಯಾವ ಜಾತಿ ಅನ್ನುವುದಲ್ಲ.

ಕಷ್ಟ ಇರುವುದು ಆ 90 ದಿನದ ಸರ್ಟಿಫಿಕೇಟಿನಲ್ಲಿ. ಗುತ್ತಿಗೆದಾರರು ಸಹಿ ಹಾಕಲು ಹಿಂದೆ ಮುಂದೆ ನೋಡುತ್ತಾರೆ, ಅಪಘಾತ ಆದ ಮೇಲಂತೂ ಕೇಳಲೇಬೇಡ, ಎಲ್ಲಿ ಪರಿಹಾರ ಕೇಳುತ್ತಾರೋ ಅಂತ ಭಯ. ಬೀಳುವ ಮುಂಚಿನ ಸೈಟಿನ ಗುತ್ತಿಗೆದಾರ ಬೇರೆಯವರಾದರೆ ಅವರ ಹತ್ತಿರ ಕೇಳಿ. ಅದೂ ಆಗದಿದ್ದರೆ ಮಹಾನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಕೇಳು, ಹಳ್ಳಿಯಾದರೆ ಗ್ರಾಮಸೇವಕರು ಕೊಡುತ್ತಾರೆ. ಏಜೆಂಟ್ ಬಂದು ಎರಡು ಸಾವಿರ ಕೊಡಿ ಅಂದರೆ ಬಾಗಿಲು ಹಾಕಿಕೋ. ನೋಂದಣಿಗೆ ಹಾಗೆಲ್ಲ ದುಡ್ಡು ಬೇಕಿಲ್ಲ.

ಆಳಂದದವ, ಕಲಬುರಗಿ

ತಂಗಿ, ನೀ ತಪ್ಪು ಬಾಗಿಲು ಬಡಿಯುತ್ತಿದ್ದೀ. ಮಹಾಡಿಬಿಟಿ ಬಿಟ್ಟುಬಿಡು, ಅದು ನಿನಗೆ ತೆರೆಯುವುದಿಲ್ಲ.

ಯಾಕೆ ಅಂದರೆ, ಒಂದು ರಾಜ್ಯದ ಜಾತಿ ಪಟ್ಟಿ ಇನ್ನೊಂದು ರಾಜ್ಯಕ್ಕೆ ನಮ್ಮ ಜೊತೆ ಬಸ್ಸು ಹತ್ತಿ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಎಸ್‌ಸಿ ಅನ್ನಿಸಿಕೊಳ್ಳಬೇಕಾದರೆ ಕುಟುಂಬ 10 ಆಗಸ್ಟ್ 1950ಕ್ಕೂ ಮುಂಚೆ ಅಲ್ಲಿರಬೇಕು. ವಿಜೆಎನ್‌ಟಿಗೆ 21 ನವೆಂಬರ್ 1961. ನಿಮ್ಮಪ್ಪ ಹೋದದ್ದು ಮೊನ್ನೆ ಮೊನ್ನೆ. ಇದರ ಮೇಲೆ ಸುಪ್ರೀಂ ಕೋರ್ಟ್ 1990ರಲ್ಲೇ ತೀರ್ಪು ಕೊಟ್ಟಿದೆ, ಆ ಕೇಸೂ ಮುಂಬೈಯದೇ. ಆಂಧ್ರದಿಂದ ಚಿಕ್ಕ ವಯಸ್ಸಿನಲ್ಲಿ ಬಂದು ಅಲ್ಲೇ ಬೆಳೆದ ಹುಡುಗ ತನ್ನ ರಾಜ್ಯದ ಸರ್ಟಿಫಿಕೇಟಿನ ಮೇಲೆ ಮೆಡಿಕಲ್ ಸೀಟು ಕೇಳಿದ್ದ, ಕೊಡಲಿಲ್ಲ. ತಮಾಷೆ ಏನಂದರೆ 1956ರ ತನಕ ಆಳಂದವೂ ಲಾತೂರು, ಉಸ್ಮಾನಾಬಾದ್ ಕಡೆಯ ಹಳ್ಳಿಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಗಡಿ ಆಮೇಲೆ ಬಂತು, ಈಗ ಅತ್ತ ಇರುವ ತಾಂಡಾದವರು ವಿಜೆ, ಇತ್ತ ಇರುವವರು ಎಸ್‌ಸಿ. ಬೀಗರು ಮಾತ್ರ ಎರಡೂ ಕಡೆ!

ಈಗ ಒಳ್ಳೆಯ ಸುದ್ದಿ. ಎಸ್‌ಸಿ ಮಕ್ಕಳ ಪೋಸ್ಟ್ ಮೆಟ್ರಿಕ್ (ಹತ್ತನೇ ನಂತರದ ಓದಿನ) ಸ್ಕಾಲರ್‌ಶಿಪ್ ಕೇಂದ್ರದ ಯೋಜನೆ, 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ಅದರ ನಿಯಮದಲ್ಲಿ ಸ್ಪಷ್ಟವಾಗಿದೆ: ಒಂದು ರಾಜ್ಯಕ್ಕೆ ಸೇರಿದ ವಿದ್ಯಾರ್ಥಿ ಇನ್ನೊಂದು ರಾಜ್ಯದಲ್ಲಿ ಓದುತ್ತಿದ್ದರೆ ಸ್ವಂತ ರಾಜ್ಯವೇ ಕೊಡಬೇಕು. ಅಂದರೆ ನಿನಗೆ ಕೊಡಬೇಕಾದ್ದು ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆ. ಮನೆಯ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗೆ ಇರಬೇಕು. ಮರಳಿ ಸಿಗದ ಫೀಸು ಇದರಲ್ಲಿ ಬರುತ್ತದೆ, ಜೊತೆಗೆ ಸಾಮಾನ್ಯ ಡಿಗ್ರಿ ಓದುವವರು ಮನೆಯಿಂದ ಹೋಗಿ ಬರುತ್ತಿದ್ದರೆ ವರ್ಷಕ್ಕೆ 3,000 ಭತ್ಯೆ. ಪೂರ್ತಿ 46 ಸಾವಿರ ಬಂದೇ ಬರುತ್ತದೆ ಅಂತ ಮಾತ್ರ ಕೂತುಕೊಳ್ಳಬೇಡ, ಅನುದಾನ ಇಲ್ಲದ ಕೋರ್ಸಿಗೆ ಎಷ್ಟು ಒಪ್ಪುತ್ತಾರೆ ಅಂತ ಕಚೇರಿಯಲ್ಲಿ ಕೇಳಿಕೋ.

ಅರ್ಜಿ ಕರ್ನಾಟಕ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ. ಜಾತಿ ಮತ್ತು ಆದಾಯದ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಕೇಳುತ್ತದೆ, ಅದು ನಾಡಕಚೇರಿಯಲ್ಲಿ ತೆಗೆಸಿದ ಸರ್ಟಿಫಿಕೇಟಿನ ಮೇಲೇ ಇರುತ್ತದೆ. ನಿನ್ನದು ಹಳೆಯ ಕೈಬರಹದ್ದಾದರೆ ಹೊಸದು ತೆಗೆಸು. ಹೊರ ರಾಜ್ಯದ ಕಾಲೇಜು ಅಂದಾಗ ಆನ್‌ಲೈನಿನಲ್ಲಿ ಸಿಕ್ಕಿಕೊಂಡರೆ ಸೈಬರ್ ಅಂಗಡಿಯಲ್ಲಿ ತಲೆ ಚಚ್ಚಿಕೊಳ್ಳಬೇಡ, ಸೀದಾ ತಾಲ್ಲೂಕು ಸಮಾಜ ಕಲ್ಯಾಣ ಕಚೇರಿಗೆ ಬಂದು ಸಹಾಯಕ ನಿರ್ದೇಶಕರನ್ನು ಕಾಣು. 'ಪುಣೆಯಲ್ಲಿ ಓದಿದರೆ ಇಲ್ಲಿ ಇಲ್ಲ' ಅಂತ ಮೊದಲ ಟೇಬಲಿನವರು ಅಂದರೂ ಅನ್ನಬಹುದು. ಕೇಂದ್ರದ ಮಾರ್ಗಸೂಚಿಯ ಆ ಪುಟ ಪ್ರಿಂಟ್ ತೆಗೆದು ಕೈಯಲ್ಲಿ ಇಟ್ಟುಕೊಂಡೇ ಬಾ.

ತಾಂಡಾದ ಹುಡುಗಿ, ಪುಣೆ

ಅಣ್ಣಾ, ಇದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಎಲ್ಲರೂ ಡೊಮಿಸಾಯಿಲ್ ಡೊಮಿಸಾಯಿಲ್ ಅಂತಲೇ ಹೇಳುತ್ತಿದ್ದರು. ನಮ್ಮ ರೇಷನ್ ಕಾರ್ಡ್ ಇನ್ನೂ ಊರಲ್ಲೇ ಇದೆ, ಅಜ್ಜಿಯ ಹೆಸರೂ ಅದರಲ್ಲಿದೆ. ಅದು ಅನುಕೂಲನಾ, ತೊಂದರೆನಾ?

ಇನ್ನೊಂದು ತಲೆನೋವು, ಹೆಸರು. ಊರಿನ ಟಿಸಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು ಅಷ್ಟೇ. ಇಲ್ಲಿ ಹತ್ತನೇ ಮಾರ್ಕ್ಸ್ ಕಾರ್ಡಿನಲ್ಲಿ ಮೊದಲು ರಾಠೋಡ, ಆಮೇಲೆ ನಾನು, ಆಮೇಲೆ ಅಪ್ಪ. ಆಧಾರಿನಲ್ಲಿ ರಾಠೋಡ ಕೊನೆಗೆ, ಅದೂ 'ರಾಥೋಡ್' ಅಂತ ಬೇರೆ ಸ್ಪೆಲ್ಲಿಂಗ್. ಮೂರು ಕಾಗದ ಇಟ್ಟರೆ ಮೂರು ಹುಡುಗಿಯರು ಇದ್ದ ಹಾಗೆ ಕಾಣುತ್ತದೆ.

ಹಡಪ್ಸರ್ ಅಕ್ಕ, ನೀವು ಹೇಳಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಬಿಲ್ಡಿಂಗಿನ ದುಡ್ಡು ಅಂದದ್ದಕ್ಕೆ ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಕಡಿಮೆ. ಹಳೆಯ ಸೈಟಿನ ಗುತ್ತಿಗೆದಾರ ನಮ್ಮ ಕಡೆಯವರೇ, ಅಫಜಲಪುರದವರು, ಅವರಿಗೆ ಫೋನ್ ಹಚ್ಚಿದ್ದೇವೆ.

ಬ್ಯಾಂಕಿನವಳು, ಡೊಂಬಿವಲಿ

ರೇಷನ್ ಕಾರ್ಡ್ ಊರಲ್ಲಿರುವುದು ನಿಮಗೆ ಅನುಕೂಲವೇ, ನೀವು ಕರ್ನಾಟಕದವರು ಅನ್ನುವುದಕ್ಕೆ ಅದೂ ಒಂದು ಕಾಗದ. ಹೆಸರಿನ ವಿಷಯ ಈಗಲೇ ಸರಿ ಮಾಡಿ, ಇದು ಡಿಗ್ರಿ ಮುಗಿದ ಮೇಲೂ ಕಾಡುತ್ತೆ. ಮಾರ್ಕ್ಸ್ ಕಾರ್ಡ್ ಬದಲಿಸುವುದು ಕಷ್ಟ, ಆಧಾರ್ ಬದಲಿಸುವುದು ಸುಲಭ. ಹಾಗಾಗಿ ಹತ್ತನೇ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಆಧಾರ್ ಮಾಡಿಸಿ, ಆಮೇಲೆ ಬ್ಯಾಂಕ್ ಪಾಸ್‌ಬುಕ್. ವಿಳಾಸ ಮಾತ್ರ ಅವಸರದಲ್ಲಿ ಪುಣೆಗೆ ಬದಲಿಸಬೇಡಿ, ಎಸ್‌ಎಸ್‌ಪಿ ಕೆಲಸ ಮುಗಿಯಲಿ.

ದಿನಾ ಕೌಂಟರಿನಲ್ಲಿ ನೋಡುವ ಇನ್ನೊಂದು ಸಮಸ್ಯೆ ಇದೆ. ಸ್ಕಾಲರ್‌ಶಿಪ್ ಮಂಜೂರು ಆಗಿರುತ್ತೆ, ಹುಡುಗರು 'ದುಡ್ಡು ಬಂದಿಲ್ಲ' ಅಂತ ಬರುತ್ತಾರೆ. ಅಕೌಂಟಿಗೆ ಆಧಾರ್ ಲಿಂಕ್ ಇದೆ ಅಂದುಕೊಂಡಿರುತ್ತಾರೆ, ಆದರೆ ಡಿಬಿಟಿ ಹಣ (ಸರ್ಕಾರ ನೇರವಾಗಿ ಅಕೌಂಟಿಗೆ ಹಾಕುವ ಹಣ) ಹೋಗುವುದು ಎನ್‌ಪಿಸಿಐ ಅನ್ನುವ ಪಾವತಿ ಸಂಸ್ಥೆಯಲ್ಲಿ ಆಧಾರ್ ಸೀಡ್ ಆದ, ಅಂದರೆ ಆಧಾರ್ ನಂಬರಿಗೆ ಜೋಡಿಸಿದ ಅಕೌಂಟಿಗೆ, ಅದು ಒಂದೇ ಇರುತ್ತದೆ, ಕೊನೆಗೆ ಯಾವುದನ್ನು ಸೀಡ್ ಮಾಡಿಸಿದ್ದೀರೋ ಅದು. ಶಾಲೆಯಲ್ಲಿದ್ದಾಗ ಊರಲ್ಲಿ ತೆರೆಸಿದ ಅಕೌಂಟ್ ಒಂದು ಇರುತ್ತಲ್ಲ, ಬಳಸದೆ ಬಂದ್ ಆಗಿರುತ್ತೆ, ಹಣ ಅಲ್ಲಿಗೆ ಹೋಗಿ ವಾಪಸ್ ಆಗಿರುತ್ತದೆ. ನಿಮ್ಮದು ಯಾವ ಬ್ಯಾಂಕಿಗೆ ಸೀಡ್ ಆಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲೇ ನೋಡಬಹುದು.

ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಕೇಂದ್ರ ವಲಯದ ಸ್ಕಾಲರ್‌ಶಿಪ್ ಇದೆ, ಡಿಗ್ರಿಗೆ ವರ್ಷಕ್ಕೆ 12,000, ಆದಾಯ ಮಿತಿ 4.5 ಲಕ್ಷ. 80 ಬೇಕು, ನನಗೆ 74 ಅಂತ ಬಿಟ್ಟುಬಿಡಬೇಡಿ. ಅಲ್ಲಿ ಕೇಳುವುದು 80 ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ನಿಮ್ಮ ಬೋರ್ಡಿನಲ್ಲಿ ನಿಮ್ಮ ಸ್ಟ್ರೀಮಿನಲ್ಲಿ ಪಾಸಾದವರ ಪೈಕಿ ಮೇಲಿನ 20 ಪಾಲಿನಲ್ಲಿ ಇದ್ದೀರಾ ಅಂತ ಲೆಕ್ಕ. ಬೋರ್ಡ್ ಆ ಕಟ್‌ಆಫ್ ಕೊಡುತ್ತದೆ, ನೋಡಿ. ಆದರೆ ಇದನ್ನೂ ಪೋಸ್ಟ್ ಮೆಟ್ರಿಕ್ಕನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಫೀಸಿಗೆ ಪೋಸ್ಟ್ ಮೆಟ್ರಿಕ್ಕೇ ಮೇಲು, ಅದು ಕೈ ಕೊಟ್ಟರೆ ಮಾತ್ರ ಇದು. ಖಾಸಗಿಯಲ್ಲಿ ರಿಲಯನ್ಸ್ ಫೌಂಡೇಶನ್‌ದು ಮೊದಲ ವರ್ಷದವರಿಗೆ ಇದೆ, 12ನೇಯಲ್ಲಿ 60% ಸಾಕು, ಒಂದು ಪರೀಕ್ಷೆ ಬರೆಯಬೇಕು, ಇಡೀ ಡಿಗ್ರಿಗೆ ಸೇರಿ 2 ಲಕ್ಷದ ತನಕ. ಎರಡನೇ ವರ್ಷಕ್ಕೆ ಹೋದ ಮೇಲೆ ಅದು ಸಿಗಲ್ಲ, ಹಾಗಾಗಿ ಈ ವರ್ಷವೇ ಹಾಕಿ.

ಲೋನ್ ಬೇಕೇ ಬೇಕಾದರೆ ಸರ್ಕಾರಿ ಬ್ಯಾಂಕಿಗೆ ಹೋಗಿ. 4 ಲಕ್ಷದ ತನಕದ ಶಿಕ್ಷಣ ಸಾಲಕ್ಕೆ ಜಾಮೀನು ಆಸ್ತಿ ಕೇಳುವಂತಿಲ್ಲ, ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಿದರೆ ಆಯಿತು. ಹೆಬ್ಬೆಟ್ಟೂ ನಡೆಯುತ್ತೆ. ಓದು ಮುಗಿದು ಒಂದು ವರ್ಷದ ತನಕ ಕಂತು ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ಹತ್ತು ನಿಮಿಷಕ್ಕೆ ಸಿಗುವ ಸಾಲ, ಮುಕಾದಮರ ಇನ್ನೊಂದು ಮುಂಗಡ, ಎರಡೂ ಬೇಡ.

ವಾಸ್ಕೋ ಕನ್ನಡಿಗ, ಗೋವಾ

ನಮ್ಮಲ್ಲೂ ಇದೇ ಕಥೆ. ಇಲ್ಲಿಯ ಝುವಾರಿನಗರದ ಎಷ್ಟೋ ಕನ್ನಡದ ಮಕ್ಕಳಿಗೆ ಹೀಗೇ ಆಗುತ್ತೆ. ಗೋವಾದಲ್ಲಿ ಶಿಕ್ಷಣ ಅಭಿವೃದ್ಧಿ ನಿಗಮದ ಬಡ್ಡಿ ಇಲ್ಲದ ಸಾಲ ಇದೆ, ಭಾರಿ ಒಳ್ಳೆಯ ಯೋಜನೆ, ಆದರೆ ಅದಕ್ಕೂ 15 ವರ್ಷದ ವಾಸ ಬೇಕು. ಇಲ್ಲೇ ಹುಟ್ಟಿದವರಿಗೆ ಸರಿ, ನಡುವೆ ಬಂದವರು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆಳಂದದವರು ಹೇಳಿದ ನಿಯಮ ನಮ್ಮ ಹುಡುಗರಿಗೂ ಬೇಕಾದದ್ದು, ಗ್ರೂಪಿಗೆ ಹಾಕುತ್ತೇನೆ.

ಹಳೆ ಅರ್ಜಿ ಓದುವವಳು, ಮುಲುಂದ್

ಪತ್ರದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಒಂದು ಸಣ್ಣ ಟ್ರಸ್ಟ್‌ಗೆ ಬರುವ ಅರ್ಜಿಗಳನ್ನು ಓದುವ ಕೆಲಸ ಮಾಡಿದ್ದೇನೆ. ಕಡು ಬಡವಿ, ಓದುವ ಆಸೆ, ಉಪಕಾರ ಮರೆಯುವುದಿಲ್ಲ, ಪ್ರತಿ ಪತ್ರದಲ್ಲೂ ಇದೇ ಇರುತ್ತದೆ. ಸುಳ್ಳು ಅಂತಲ್ಲ. ಆದರೆ ಅದನ್ನು ಓದಿ ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಒಂದೂ ಗೊತ್ತಾಗುವುದಿಲ್ಲ. ಕೊಡುವವರು ಮುಂದಿನ ಪತ್ರ ಎತ್ತಿಕೊಳ್ಳುತ್ತಾರೆ.

ನೀವು ಈ ಮೊದಲ ಪೋಸ್ಟ್‌ನಲ್ಲಿ ಬರೆದದ್ದೇ ಎಷ್ಟೋ ಚೆನ್ನಾಗಿದೆ. ಅದನ್ನೇ ಹೀಗೆ ಬರೆಯಿರಿ: "ನನ್ನ ತಂದೆ ಗೌಂಡಿ ಕೆಲಸದವರು, ಕೆಲಸದ ವೇಳೆ ಬಿದ್ದು ಕಾಲು ಮುರಿದು ಮನೆಯಲ್ಲಿದ್ದಾರೆ. ತಾಯಿ ಮನೆಗೆಲಸದಿಂದ ತಿಂಗಳಿಗೆ ಇಷ್ಟು ತರುತ್ತಾರೆ. ನಾನು ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಮೊದಲ ವರ್ಷ. ಫೀಸು 46,000, ಇಷ್ಟು ಕಟ್ಟಿದೆ, ಇಷ್ಟು ಬಾಕಿ, ಕೊನೆಯ ದಿನ ಇದು. ಕಟ್ಟಡ ಕಾರ್ಮಿಕ ಮಂಡಳಿಗೆ ಮತ್ತು ಕರ್ನಾಟಕದ ಪೋಸ್ಟ್ ಮೆಟ್ರಿಕ್‌ಗೆ ಅರ್ಜಿ ಹಾಕುತ್ತಿದ್ದೇನೆ, ಆ ಹಣ ಬರುವುದು ತಡ. ನಡುವಿನ ಈ ಕಂತಿಗೆ ಮಾತ್ರ ನಿಮ್ಮ ಸಹಾಯ ಕೇಳುತ್ತಿದ್ದೇನೆ. ಚೆಕ್ ಕಾಲೇಜಿನ ಹೆಸರಿಗೇ ಕೊಡಬಹುದು." ಆ ಕೊನೆಯ ಸಾಲು ಮರೆಯಬೇಡಿ. ಚೆಕ್ ಕಾಲೇಜಿನ ಹೆಸರಿಗೆ ಅಂದ ತಕ್ಷಣ ಕೊಡುವವರ ಅರ್ಧ ಅನುಮಾನ ಹೋಗುತ್ತದೆ. ಬೋನಫೈಡ್ (ಅಲ್ಲೇ ಓದುತ್ತಿದ್ದೀರಿ ಅಂತ ಕಾಲೇಜು ಕೊಡುವ ಪತ್ರ), ಫೀಸಿನ ರಸೀದಿ, ಮಾರ್ಕ್ಸ್ ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಜೊತೆಗಿಡಿ. ಅಪ್ಪನ ಕಾಲಿನ ಫೋಟೋ ಮಾತ್ರ ಕಳಿಸಬೇಡಿ. ಕೆಲವರು ಕಳಿಸುತ್ತಾರೆ, ಓದುವವರಿಗೆ ಹಿಂಸೆ, ಕಳಿಸಿದವರ ಮರ್ಯಾದೆಯೂ ಹೋಗುತ್ತದೆ.

ಮುಂಬೈ ಕಡೆಯ ಸಂಘಗಳ ಬಗ್ಗೆ ಕೇಳಿದರೆ, ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್ ಮುಂತಾದವು ಚೆನ್ನಾಗಿಯೇ ಕೊಡುತ್ತವೆ, ಆದರೆ ಮುಖ್ಯವಾಗಿ ತಮ್ಮ ಸಮಾಜದ ಮಕ್ಕಳಿಗೆ. ಪುಣೆಯ ಕನ್ನಡ ಸಂಘದಲ್ಲಿ ಒಮ್ಮೆ ಹೋಗಿ ಕೇಳಿ, ಸಂಘದಿಂದ ಸಿಗದಿದ್ದರೂ ಅಲ್ಲಿಗೆ ಬರುವ ಯಾರಾದರೂ ಒಬ್ಬರು ಒಂದು ಕಂತು ಕಟ್ಟುವವರು ಸಿಗಬಹುದು.

ಹಡಪ್ಸರ್ ಅಕ್ಕ, ಪುಣೆ

ಇನ್ನೊಂದು ಬಿಟ್ಟುಹೋಗಿತ್ತು. ತಂಗಿ, ನಿನ್ನ ಕಾಲೇಜು ಪುಣೆ ವಿಶ್ವವಿದ್ಯಾಲಯಕ್ಕೆ ಸೇರಿದ್ದಾದರೆ 'ಕಮವಾ ಆಣಿ ಶಿಕಾ' (ದುಡಿ, ಕಲಿ) ಇದೆಯಾ ಅಂತ ಕೇಳು. ಕರ್ಮವೀರ ಭಾವುರಾವ್ ಪಾಟೀಲರ ಹೆಸರಿನ ಯೋಜನೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, ದುಡಿಯುತ್ತಾ ಓದುವ ಹಾಸ್ಟೆಲ್‌ಗಳನ್ನು ನಡೆಸಿದವರು ಅವರು. ಕಾಲೇಜಿನ ಲೈಬ್ರರಿ, ಆಫೀಸ್, ಲ್ಯಾಬ್, ತೋಟದಲ್ಲಿ ಕ್ಲಾಸ್ ಬಿಟ್ಟ ಸಮಯದಲ್ಲಿ ಕೆಲಸ, ಗಂಟೆ ಲೆಕ್ಕದ ದುಡ್ಡು. ಫೀಸಿಗೆ ಸಾಲುವುದಿಲ್ಲ, ಬಸ್ ಪಾಸು, ಜೆರಾಕ್ಸು, ನಿನ್ನ ಕೈಖರ್ಚು ನಡೆಯುತ್ತದೆ. ವಿದ್ಯಾರ್ಥಿ ವಿಕಾಸ ಅಧಿಕಾರಿ ಅಂತ ಒಬ್ಬ ಪ್ರೊಫೆಸರ್ ಇರುತ್ತಾರೆ, ಅವರನ್ನು ಕಾಣು. ಹಾಗೇ ಪ್ರಿನ್ಸಿಪಾಲರಿಗೆ ಕಂತು ಮುಂದೂಡಲು ಅರ್ಜಿ ಕೊಡು. ಬಾಯಲ್ಲಿ ಕೇಳಬೇಡ, ಬರೆದು ಕೊಟ್ಟು ಇನ್ನೊಂದು ಪ್ರತಿ ಮೇಲೆ ಆವಕ್ ಸಿಕ್ಕಾ (ಅರ್ಜಿ ಬಂದಿದೆ ಅನ್ನುವ ಮೊಹರು) ಹಾಕಿಸಿಕೋ.

ಮಾಟುಂಗಾ ಮಾಮ, ಮುಂಬೈ

ಅಕ್ಕಾ, ನೀವು ಹೇಳಿದ್ದು ಒಪ್ಪಿದೆ, ಆ ಅಟ್ಟದ ವಿಷಯವೂ ಸರಿ. ಆದರೂ ಮುಕ್ತ ವಿವಿಯನ್ನು ಕೊನೆಯ ದಾರಿ ಅನ್ನಬೇಡಿ, ಅದರಲ್ಲಿ ಓದಿ ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ಸರ್ಕಾರಿ ಕೆಲಸದಲ್ಲಿದ್ದಾಳೆ. ಮಗಳೇ, ಎರಡನೇ ಕಂತು ಎಷ್ಟು, ಕಾಲೇಜು ಯಾವುದು ಅಂತ ನನಗೆ ಮೆಸೇಜ್ ಮಾಡು. ಚೆಕ್ ಕಾಲೇಜಿನ ಹೆಸರಿಗೇ.

ತಾಂಡಾದ ಹುಡುಗಿ, ಪುಣೆ

ಮಾಮ, ಮೆಸೇಜ್ ಮಾಡಿದ್ದೇನೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಮೊದಲು ಕಾಲೇಜು ಸಮಯ ಕೊಡುತ್ತದಾ ನೋಡುತ್ತೇನೆ, ಕೊಟ್ಟರೆ ನಿಮ್ಮ ಹತ್ತಿರ ಅರ್ಧ ಮಾತ್ರ ತೆಗೆದುಕೊಳ್ಳುತ್ತೇನೆ.

ಹಳೆಯ ಗುತ್ತಿಗೆದಾರರು 90 ದಿನದ ಕಾಗದಕ್ಕೆ ಸಹಿ ಹಾಕುತ್ತೇನೆ ಅಂದಿದ್ದಾರೆ. ಆಧಾರ್ ಕೇಂದ್ರಕ್ಕೆ ಹೋಗಿ ಹೆಸರಿಗೆ ಕೊಟ್ಟೆ. ಅಕೌಂಟ್ ಸೀಡಿಂಗ್ ನೋಡಿದರೆ ಬ್ಯಾಂಕಿನವರು ಹೇಳಿದ ಹಾಗೇ ಇದೆ, ಊರಿನ ಗ್ರಾಮೀಣ ಬ್ಯಾಂಕಿನ ಹಳೆಯ ಅಕೌಂಟ್ ತೋರಿಸುತ್ತಿದೆ. ಅದನ್ನು ಇಲ್ಲಿಯ ಅಕೌಂಟಿಗೆ ಬದಲಿಸಲು ಫಾರ್ಮ್ ತುಂಬಿದ್ದೇನೆ.

ಆಳಂದದ ಅಣ್ಣಾ, ಅವ್ವ ಶನಿವಾರ ರಜೆ ಹಾಕಿ ನನ್ನ ಜೊತೆ ಬರುತ್ತೇನೆ ಅನ್ನುತ್ತಿದ್ದಾಳೆ. ಶುಕ್ರವಾರ ರಾತ್ರಿ ರೈಲಿಗೆ ಕಲಬುರಗಿಗೆ ಬಂದು, ಅಲ್ಲಿಂದ ಬಸ್ ಹಿಡಿದರೆ ಕಚೇರಿ ತೆರೆಯುವಷ್ಟರಲ್ಲಿ ಮುಟ್ಟಬಹುದಾ? ಏನೇನು ತರಲಿ?

ಆಳಂದದವ, ಕಲಬುರಗಿ

ಆರಾಮಾಗಿ ಮುಟ್ಟುತ್ತೀರಿ, ಕಲಬುರಗಿಯಿಂದ ಆಳಂದಕ್ಕೆ ಬಸ್ ಬೇಕಾದಷ್ಟಿವೆ. ಆದರೆ ಕ್ಯಾಲೆಂಡರ್ ನೋಡಿಕೊಂಡು ಟಿಕೆಟ್ ಮಾಡಿಸು, ನಮ್ಮ ಸರ್ಕಾರಿ ಕಚೇರಿಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಶುಕ್ರವಾರವೇ ಬಂದರೆ ಇನ್ನೂ ಒಳ್ಳೆಯದು, ನಾಡಕಚೇರಿಯಲ್ಲಿ ಆದಾಯ ಸರ್ಟಿಫಿಕೇಟಿಗೆ ಅವತ್ತೇ ಅರ್ಜಿ ಕೊಡಬಹುದು. ರೇಷನ್ ಕಾರ್ಡ್, ನಿನ್ನ ಮತ್ತು ಅಪ್ಪನ ಆಧಾರ್, ಹಳೆಯ ಜಾತಿ ಸರ್ಟಿಫಿಕೇಟ್, ಊರಿನ ಟಿಸಿಯ ಪ್ರತಿ, ಕಾಲೇಜಿನ ಬೋನಫೈಡ್, ಫೀಸಿನ ರಸೀದಿ ಎಲ್ಲ ಮೂಲಪ್ರತಿ ತಾ, ಜೆರಾಕ್ಸ್ ಇಲ್ಲೇ ಬಸ್ ಸ್ಟ್ಯಾಂಡ್ ಎದುರು ಆಗುತ್ತದೆ. ಮಾರ್ಗಸೂಚಿಯ ಪುಟ ನಾನು ಪ್ರಿಂಟ್ ತೆಗೆದಿಡುತ್ತೇನೆ. ಬಸ್ ಇಳಿದು ಫೋನ್ ಮಾಡು, ನಂಬರ್ ಮೆಸೇಜಿನಲ್ಲಿ ಹಾಕಿದ್ದೇನೆ.